ಕಣ್ತಪ್ಪಲ್ಲ

ಈ ಮನೆಯಲ್ಲಿ ದುಡಿಯುವ ಕೈ ನಾಲ್ಕು ಜೋಡಿ ಇದ್ದರೂ ಕತ್ತರಿ ಮಾತ್ರ ಒಬ್ಬರದೇ. ಅದು ಅತ್ತೆಯದು. ಮುಂಗೋಣೆಯ ಉದ್ದನೆಯ ಹಲಗೆಯ ಮೇಲೆ ಬಟ್ಟೆ ಹಾಸಿ, ಗೆರೆ ಹಾಕಿ, ಕತ್ತರಿಸುವ ಕೆಲಸವನ್ನು ಮೂವತ್ತೊಂದು ವರ್ಷದಿಂದ ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಒರಗುವ ಕುರ್ಚಿಗೆ ಬಿಗಿಯುವ ಕ್ಯಾನ್ವಾಸು, ಅಂಗಡಿಗಳ ಮುಂದಿನ ನೆರಳುಬಟ್ಟೆ, ಸೋಫಾದ ಗವಸು, ಕಿಟಕಿಯ ಪರದೆ, ಯಾವುದೇ ಇರಲಿ, ಪಟ್ಟೆ ಇರುವ ಬಟ್ಟೆಯಾದರೆ ಪಟ್ಟೆ ಮೇಲಿಂದ ಕೆಳಗೆ ನೆಟ್ಟಗೆ ಇಳಿಯಬೇಕು. ಒಂದು ನೂಲು ಆಚೀಚೆ ಆದರೂ ಅತ್ತೆಗೆ ಊಟ ಸೇರುವುದಿಲ್ಲ.

ಕತ್ತರಿಸಿ ಕೊಟ್ಟದ್ದನ್ನು ಹೊಲಿಯುವುದು ಸೊಸೆಯ ಪಾಲು. ಹದಿನಾರು ವರ್ಷದಿಂದ ಕಿಟಕಿ ಪಕ್ಕದ ಮೆಷಿನ್ನೇ ಅವಳ ಜಾಗ. ಮಾವ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಮೊಳೆ ಹೊಡೆಯುತ್ತಾರೆ. ಸದಾ ಬಾಯಲ್ಲಿ ಮೊಳೆ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ಮಗ ಆರ್ಡರು ಹಿಡಿಯುತ್ತಾನೆ, ವ್ಯಾನಿನಲ್ಲಿ ಮಾಲು ಮುಟ್ಟಿಸುತ್ತಾನೆ. ಅವನ ಬಾಯಲ್ಲಿ ಮೊಳೆ ಇಲ್ಲ, ಅದೇ ತೊಂದರೆ. ಮೊಮ್ಮಗಳಿಗೆ ಹದಿನೈದು. ಶಾಲೆಗೆ ಬೇಸಿಗೆ ರಜೆ ಬಂದರೆ ಅವಳ ಕೆಲಸ ದಾರ ಪೋಣಿಸುವುದು, ಗುಂಡಿ ಹುಡುಕುವುದು, ಉಳಿದ ಹೊತ್ತು ಎಲ್ಲರ ಮಾತಿಗೂ ಬಾಯಿ ಹಾಕುವುದು.

ಆ ವರ್ಷ ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಬೇಕಾಯಿತು. ಮೂರು ವಾರ ಬಗ್ಗುವ ಹಾಗಿಲ್ಲ, ಕಣ್ಣಿಗೆ ಶ್ರಮ ಕೊಡುವ ಹಾಗಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಅದೇ ವಾರ ಒಳ್ಳೆಯ ಆರ್ಡರೊಂದು ಬಂತು. ಪೇಟೆಯ ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ ಒಬ್ಬಾತ ಬೇಸಿಗೆಗೆಂದೇ ಹೊಸ ಹೋಟೆಲು ತೆರೆಯುತ್ತಿದ್ದ. ಅವನಿಗೆ ಇಪ್ಪತ್ತನಾಲ್ಕು ಒರಗು ಕುರ್ಚಿ ಬೇಕು, ನೀಲಿ-ಬಿಳಿ ಪಟ್ಟೆಯದು, ಹತ್ತು ದಿನದಲ್ಲಿ. ಅಂದಿನಿಂದ ಅವನಿಗೆ ಈ ಮನೆಯಲ್ಲಿ ತಾರಸಿಯವನು ಎಂದೇ ಹೆಸರಾಯಿತು.

"ಹೊರಗಿನಿಂದ ಯಾರಾದ್ರೂ ಕಟಿಂಗ್ ಮಾಸ್ತರನ್ನ ಕರೆಸಲಾ ಅಮ್ಮ?" ಎಂದ ಮಗ.

"ನಾನು ಬದುಕಿರೋವಾಗ ಹೊರಗಿನವರ ಕೈ ಈ ಹಲಗೆ ಮೇಲೆ ಬೀಳಕೂಡದು. ನಿನ್ನ ಹೆಂಡತಿ ಕತ್ತರಿಸಲಿ. ಇಷ್ಟು ವರ್ಷ ನೋಡಿದಾಳಲ್ಲ. ಪಟ್ಟೆ ನೆಟ್ಟಗಿರಲಿ, ಅಷ್ಟೇ."



ಮರುದಿನ ಸೊಸೆ ಮಗಳನ್ನು ಕರೆದುಕೊಂಡು ತಾರಸಿ ನೋಡಲು ಹೋದಳು. ನೆಲದ ಹೆಂಚಿನ ಸಾಲು ನೆಟ್ಟಗೆ, ಕಂಬಗಳು ನೆಟ್ಟಗೆ, ಸುತ್ತಲಿನ ಕಟಕಟೆಯ ಕಂಬಿ ನೆಟ್ಟಗೆ, ಎದುರು ಕಟ್ಟಡದ ಕಿಟಕಿಯ ಸರಳೂ ನೆಟ್ಟಗೆ.

"ಇಲ್ಲಿ ಕುರ್ಚಿ ಪಟ್ಟೆನೂ ನೆಟ್ಟಗೆ ನಿಂತ್ರೆ ಜೈಲಲ್ಲಿ ಊಟಕ್ಕೆ ಕೂತ ಹಾಗಿರುತ್ತೆ," ಎಂದಳು ಸೊಸೆ.

ಮಗಳು ನಕ್ಕಳು. ಅವಳು ನಗಿಸಲು ಹೇಳಿದ್ದಲ್ಲ. "ಒರಗೋ ಕುರ್ಚಿ ಕಣೇ ಇದು. ಇದರಲ್ಲಿ ಯಾರು ನೆಟ್ಟಗೆ ಕೂರ್ತಾರೆ? ಪಟ್ಟೆನೂ ಸ್ವಲ್ಪ ಒರಗಲಿ."

ಎರಡು ದಿನ ಹಳೆಯ ಪತ್ರಿಕೆಗಳ ಮೇಲೆ ಗೆರೆ ಎಳೆದು, ಕತ್ತರಿಸಿ, ಹರಿದು ಹಾಕಿದಳು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಕೂತವರ ಭಾರಕ್ಕೆ ಅದು ಜಗ್ಗುತ್ತದೆ. ಇದು ಸೂಜಿ ಹಿಡಿದ ಯಾರಿಗಾದರೂ ಗೊತ್ತು. ಅದಕ್ಕೇ ಅವಳು ಪ್ರತಿ ಓರೆ ತುಂಡಿನ ಅಡಿಗೂ ಪಟ್ಟೆಯಿಲ್ಲದ ದಪ್ಪನೆಯ ಕ್ಯಾನ್ವಾಸಿನ ಇನ್ನೊಂದು ತುಂಡನ್ನು ನೆಟ್ಟಗೆ ಕತ್ತರಿಸಿ, ಎರಡನ್ನೂ ಸೇರಿಸಿ ಹೊಲಿದಳು. ಮೇಲಿನದು ಅಂದಕ್ಕೆ, ಕೆಳಗಿನದು ಭಾರಕ್ಕೆ. ಓರೆ ಕತ್ತರಿಸಿದಾಗ ಮೂಲೆಯಲ್ಲಿ ಉಳಿಯುವ ಮುಕ್ಕೋನದ ಚೂರುಗಳನ್ನೂ ಬಿಡದೆ, ಎಂಟೆಂಟು ಸೇರಿಸಿ ಅಗಲ ಅಂಚಿನ ಟೋಪಿ ಹೊಲಿದಳು. ಮಗಳು ಒಂದನ್ನು ತಲೆಗೆ ಹಾಕಿಕೊಂಡವಳು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ.

ಪರದೆಯ ಆಚೆ ಮಲಗಿದ್ದ ಅತ್ತೆಗೆ ಕಣ್ಣಿಲ್ಲದಿದ್ದರೇನು, ಕಿವಿ ಇತ್ತು.

"ಏನೇ ಅದು ಶಬ್ದ? ಕತ್ತರಿ ನೂಲಿನ ಜೊತೆ ಹೋಗ್ತಿಲ್ವಲ್ಲ?"

"ಸರಿಯಾಗೇ ಹೋಗ್ತಿದೆ ಅತ್ತೆ. ಕಣ್ಣಿಗೆ ಡ್ರಾಪ್ಸ್ ಹಾಕೋ ಹೊತ್ತಾಯ್ತು, ಬಂದೆ."

ಸುಳ್ಳೇನೂ ಹೇಳಲಿಲ್ಲ. ಅವಳ ಪಾಲಿಗೆ ಅದು ಸರಿಯಾಗೇ ಹೋಗುತ್ತಿತ್ತು.

ಮಾವ ಮೊದಲ ತುಂಡನ್ನು ಚೌಕಟ್ಟಿಗೆ ಬಿಗಿಯುವಾಗ ಬಾಯಿಂದ ಮೊಳೆ ತೆಗೆದರು. "ಇದು ಓರೆ ಇದೆಯಲ್ಲಮ್ಮ."

"ಹೂಂ ಮಾವ. ಹಾಗೇ."

ಮಾವ ತುಂಡನ್ನು ತಿರುವಿ ಅಡಿಯ ಕ್ಯಾನ್ವಾಸನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ಮೊಳೆ ಮತ್ತೆ ಬಾಯಿಗೆ ಹೋದವು. ಅಲ್ಲಿಗೆ ಅವರ ಅಭಿಪ್ರಾಯ ಮುಗಿಯಿತು. ಮಗನಂತೂ ಮಡಚಿದ ಕುರ್ಚಿಗಳನ್ನು ಎಣಿಸಿ ವ್ಯಾನಿಗೆ ತುಂಬಿದನೇ ಹೊರತು ಒಂದನ್ನೂ ಬಿಡಿಸಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ತಾರಸಿಯವನು ಒಂದು ಕುರ್ಚಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಮುಂಗೋಣೆಯ ನಡುವೆ ಅದನ್ನು ಬಿಡಿಸಿ ನಿಲ್ಲಿಸಿದ.

"ಏನ್ರೀ ಇದು? ಎಲ್ಲಾ ವಾಲಿಕೊಂಡಿದೆ! ಇವತ್ತು ಸಂಜೆ ಓಪನಿಂಗ್ ಇದೆ ನಂದು. ಜನ ಬಂದು ಏನಂತಾರೆ?"

ಅತ್ತೆ ಕಪ್ಪು ಕನ್ನಡಕದಲ್ಲೇ ಎದ್ದು ಬಂದರು. ಮೂಗು ತಾಗುವಷ್ಟು ಹತ್ತಿರಕ್ಕೆ ಹೋಗಿ, ಬಟ್ಟೆಯ ಮೇಲೆ ಬೆರಳಾಡಿಸಿದರು. ಸೊಸೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹೇಳಬೇಕಾದ್ದನ್ನು ಹೇಳಲು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಅತ್ತೆ ಹೇಳಿಬಿಟ್ಟಿದ್ದರು.

"ನನ್ನ ಕಣ್ತಪ್ಪು ಕಣಪ್ಪ. ನಾನೇ ಗೆರೆ ಹಾಕಿದ್ದು. ಆಪರೇಷನ್ ಆದ ಕಣ್ಣು ನೋಡು, ಗೊತ್ತಾಗಲಿಲ್ಲ."

ತಾರಸಿಯವನು ತಣ್ಣಗಾದ. ಕಣ್ಣು ಕೆಟ್ಟ ಹಿರಿಯರನ್ನು ಬೈಯುವಷ್ಟು ಕೆಟ್ಟವನಲ್ಲ. "ಹೋಗ್ಲಿ ಬಿಡಿ ಅಮ್ಮ, ಇವತ್ತಿಗೆ ಇದರಲ್ಲೇ ಸುಧಾರಿಸ್ತೀನಿ," ಎಂದು ಕುರ್ಚಿ ಹೊತ್ತುಕೊಂಡು ಹೋದ.

ಅವನು ಮೆಟ್ಟಿಲಿಳಿಯುವ ತನಕವೂ ಸೊಸೆ ತಡೆದುಕೊಂಡಳು. ಅದೇ ದೊಡ್ಡದು.

"ಯಾಕೆ ಹಾಗಂದ್ರಿ ಅತ್ತೆ?"

"ಇನ್ನೇನು ಅನ್ನಲಿ? ನಿನ್ನ ಅವನ ಮುಂದೆ ನಿಲ್ಲಿಸಿ ಬೈಸಲಾ? ನಿನ್ನ ಮರ್ಯಾದೆ ಉಳಿಸಿದೆ."

"ನನ್ನ ಮರ್ಯಾದೆ ಎಲ್ಲಿಗೆ ಹೋಗಿತ್ತು, ಉಳಿಸೋಕೆ? ನಾನು ತಪ್ಪು ಮಾಡಿಲ್ಲ. ಬೇಕು ಅಂತಲೇ ಹಾಗೆ ಕತ್ತರಿಸಿದ್ದು."

"ಬೇಕು ಅಂತ ಯಾರಾದ್ರೂ ಓರೆ ಕತ್ತರಿಸ್ತಾರೇನೇ? ಕೈ ಜಾರಿತು ಅನ್ನು, ಒಪ್ಕೋತೀನಿ."

"ಕೈ ಜಾರಿದ್ರೆ ಒಂದು ಕುರ್ಚಿ ಓರೆ ಆಗುತ್ತೆ. ಇಪ್ಪತ್ತನಾಲ್ಕೂ ಒಂದೇ ಥರ ಆಗ್ತವಾ?"

"ಮೊದಲನೇದು ತಪ್ಪಿತು, ಅದನ್ನೇ ಅಳತೆಗೆ ಇಟ್ಕೊಂಡು ಉಳಿದದ್ದು ಕತ್ತರಿಸಿದೆ. ನಾನೂ ಕಲಿಯೋವಾಗ ಹಾಗೇ ಮಾಡಿದ್ದೆ. ಹಟ ಮಾಡಬೇಡ."

"ನಾನು ಕಲಿಯೋ ಹುಡುಗಿ ಅಲ್ಲ ಅತ್ತೆ. ನನಗೆ ಮೂವತ್ತೆಂಟು."

ಮಗ ನಡುವೆ ಬಂದ. "ಆಯ್ತಲ್ಲ, ಅವನು ಸುಮ್ಮನಾದ. ಇನ್ಯಾಕೆ ರಂಪ? ತಿಂಡಿ ಆರಿ ಹೋಗ್ತಿದೆ."

ತಿಂಡಿ ಆರಿಯೇ ಹೋಯಿತು. ಆ ವಾರ ಊಟದ ಹೊತ್ತಿನಲ್ಲಿ ಉಪ್ಪು ಬೇಕಾದರೂ ಅತ್ತೆ ಸೊಸೆ ಇಬ್ಬರೂ ಹುಡುಗಿಯ ಮುಖಾಂತರವೇ ಕೇಳಿದರು. ಕಣ್ಣಿನ ಡ್ರಾಪ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬಿತ್ತು. ಅತ್ತೆ ಮುಖ ಮೇಲೆತ್ತುವುದು, ಸೊಸೆ ರೆಪ್ಪೆ ಹಿಡಿದು ಎರಡು ತೊಟ್ಟು ಬಿಡುವುದು, ಇಬ್ಬರೂ ಬೇರೆ ಬೇರೆ ಕಡೆ ತಿರುಗಿಕೊಳ್ಳುವುದು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಪತ್ರಿಕೆಯ ಪುರವಣಿಯಲ್ಲಿ ಇಡೀ ಪುಟದ ಲೇಖನ ಬಂತು. 'ಈ ಬೇಸಿಗೆಯ ಬೆಡಗು' ಅಂತ ತಲೆಬರಹ. ಮೊಮ್ಮಗಳು ಬ್ರೆಡ್ಡು ಅಗಿಯುತ್ತಲೇ ಗಟ್ಟಿಯಾಗಿ ಓದಿದಳು. ಮಲಗುವ ಕೋಣೆಗೆ ತೆಳು ಹಸಿರು ಪರದೆ, ಕಾಲಿಗೆ ನಾರಿನ ಚಪ್ಪಲಿ, ಮೇಜಿನ ಮೇಲೆ ಮಣ್ಣಿನ ಹೂಜಿ, ಲೋಟದಲ್ಲಿ ತಣ್ಣನೆಯ ಕಲ್ಲಂಗಡಿ ಸೂಪು.

"ಅಯ್ಯೋ, ಇಲ್ಲಿ ಕೇಳಿ! 'ಐದನೆಯದು, ಕಣ್ತಪ್ಪಿನ ಚೆಲುವು. ಪೇಟೆಯ ಹೊಸ ತಾರಸಿ ಹೋಟೆಲಿಗೆ ಹೋದವರು ಊಟಕ್ಕಿಂತ ಮೊದಲು ಕುರ್ಚಿಗಳನ್ನು ನೋಡುತ್ತಾರೆ. ಕಣ್ಣು ಮಂಜಾದ ವೃದ್ಧೆಯೊಬ್ಬರು ತಪ್ಪಿ ಓರೆಯಾಗಿ ಕತ್ತರಿಸಿದ ಈ ಪಟ್ಟೆಗಳು ಬೇಸಿಗೆಯ ಸೋಮಾರಿತನವನ್ನೇ ಹೊದ್ದು ಮಲಗಿದಂತಿವೆ. ಕೆಲವು ತಪ್ಪುಗಳು ವರವಾಗಿ ಬರುತ್ತವೆ.'"

ಮಗ ಕುರ್ಚಿಯಿಂದ ಎದ್ದೇ ಬಿಟ್ಟ. "ಅಮ್ಮ! ನೀನು ಪೇಪರಲ್ಲಿ ಬಂದೆ!"

ಅತ್ತೆಯ ಮುಖ ಗಂಟಿಕ್ಕಿತು. "ವೃದ್ಧೆ ಅಂತೆ. ಮೂವತ್ತೊಂದು ವರ್ಷ ನೆಟ್ಟಗೆ ಕತ್ತರಿಸಿದೆ, ಒಬ್ಬರೂ ತಿರುಗಿ ನೋಡಲಿಲ್ಲ. ಮಾಡದೇ ಇರೋ ತಪ್ಪಿಗೆ ಹೆಸರು ಬಂತು."

"ಮಾಡದೇ ಇರೋ ತಪ್ಪು ಅಂದ್ರಲ್ಲ, ಅಷ್ಟು ಸಾಕು," ಎಂದು ಸೊಸೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಕೆಳಗೆ ತಟ್ಟೆಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು. ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದಳು. ಹೊಗಳಿದ್ದರು, ಆದರೆ ಯಾರೂ ಮಾಡಿದ್ದೇ ಅಲ್ಲ ಅನ್ನುವ ಹಾಗೆ ಹೊಗಳಿದ್ದರು.

ಸೋಮವಾರದಿಂದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಎಲ್ಲರಿಗೂ 'ಆ ತಪ್ಪಿನ ಕುರ್ಚಿ' ಬೇಕು. ಬಾಲ್ಕನಿಗೆ ಎರಡು, ತೋಟಕ್ಕೆ ಆರು. ಹುಡುಗಿಯ ತಲೆಯ ಮೇಲಿನ ಟೋಪಿ ನೋಡಿದ ಅವಳ ಗೆಳತಿಯರು ತಮಗೂ ಬೇಕೆಂದು ಬಾಗಿಲಿಗೇ ಬಂದರು. ಮಗ ಆರ್ಡರು ಪುಸ್ತಕದಲ್ಲಿ ಉತ್ಸಾಹದಿಂದ ಬರೆದುಕೊಂಡ: ತಪ್ಪು ಕುರ್ಚಿ ಆರು, ಹಲ್ಲಿನ ಡಾಕ್ಟರ ಮನೆ.

ಸೊಸೆ ಅದನ್ನು ನೋಡಿದಳು. "ಇದನ್ನ ಅಳಿಸಿ."

"ಗುರುತಿಗೆ ಬರೆದಿದ್ದು ಮಾರಾಯ್ತಿ. ಅವರು ಏನು ಬೇಕಾದ್ರೂ ಕರೀಲಿ, ನಮಗೇನು?"

"ನಿಮಗೇನಿಲ್ಲ ರೀ, ನನಗಿದೆ. ಈ ಪುಸ್ತಕದಲ್ಲಿ ತಪ್ಪು ಅನ್ನೋ ಪದ ಇರೋ ತನಕ ನಾನು ಕತ್ತರಿ ಮುಟ್ಟಲ್ಲ."

ಅಂದ ಹಾಗೇ ನಡೆದುಕೊಂಡಳು. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ದಿಂಬಿನ ಗವಸು ಹೊಲಿದಳು, ಮಾವನಿಗೆ ಮೊಳೆ ಆರಿಸಿ ಕೊಟ್ಟಳು. ನೀಲಿ ಪಟ್ಟೆಯ ಬಟ್ಟೆಯ ಸುರುಳಿಯ ಪಕ್ಕದಲ್ಲೇ ದಿನಕ್ಕೆ ಹತ್ತು ಸಲ ಹಾದುಹೋದರೂ ಮುಟ್ಟಲಿಲ್ಲ. ಮಗ ಮೂರು ದಿನ ಗೋಗರೆದ. ಮುಖ ಊದಿಸಿಕೊಂಡ. ನಾಲ್ಕನೆಯ ದಿನ ಅವನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. "ತಪ್ಪು ಮಾಡೋಕೆ ಏನು ಮಹಾ ವಿದ್ಯೆ ಬೇಕು? ನಾನೇ ಕತ್ತರಿಸ್ತೀನಿ," ಎಂದ.

ಬೆಳಿಗ್ಗೆಯೆಲ್ಲ ಹಲಗೆಯ ಮೇಲೆ ಬಗ್ಗಿ ಬೆವರು ಸುರಿಸಿದ. ಪಕ್ಕದ ಬೀದಿಯ ದರ್ಜಿಯಿಂದ ಅಂಚು ಹೊಲಿಸಿ ತಂದ. ಮಾವ ಮಾತಿಲ್ಲದೆ ಬಿಗಿದು ಕೊಟ್ಟರು. ಕುರ್ಚಿ ನೋಡಲು ಚೆನ್ನಾಗೇ ಇತ್ತು. ಮಗ ಎಲ್ಲರನ್ನೂ ಕರೆದು, ಕಾಲ ಮೇಲೆ ಕಾಲು ಹಾಕಿಕೊಳ್ಳುವ ಠೀವಿಯಲ್ಲಿ ಕೂತ. ಬಟ್ಟೆ ಜಗ್ಗಿತು. ಇನ್ನಷ್ಟು ಜಗ್ಗಿತು. ಅವನ ಕುಂಡಿ ನೆಲಕ್ಕೆ ತಾಗಿ, ಮೊಣಕಾಲು ಗಲ್ಲಕ್ಕೆ ಬಂದು, ಎರಡೂ ಕೈ ಮೇಲೆ ಎತ್ತಿ ಅವನು "ಎಳೀರೋ" ಎಂದು ಕೂಗಿಕೊಳ್ಳುವ ಹೊತ್ತಿಗೆ ಮಗಳು ನಕ್ಕು ನಕ್ಕು ನೆಲದ ಮೇಲೆ ಕೂತಿದ್ದಳು.

ಅತ್ತೆ ನಗಲಿಲ್ಲ. "ಹೋಟೆಲಿನಲ್ಲಿ ಮೂರು ವಾರದಿಂದ ಜನ ಕೂತೇ ಇದಾರೆ. ಅವು ಯಾಕೆ ಜಗ್ಗಲಿಲ್ಲ?"

ಮಾವ ಬಾಯಿಂದ ಮೊಳೆ ತೆಗೆದರು. "ಅವಳು ಅಡಿಗೆ ಇನ್ನೊಂದು ಪದರ ಹಾಕಿದ್ಲು. ದಪ್ಪ ಕ್ಯಾನ್ವಾಸು. ಅದನ್ನ ನೆಟ್ಟಗೇ ಕತ್ತರಿಸಿದ್ಲು."

"ನಂಗೆ ಯಾಕೆ ಹೇಳಲಿಲ್ಲ?" ಎಂದ ಮಗ.

"ನೀನು ಎಲ್ಲಿ ಕೇಳಿದೆ?"

ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ.

ಅದರ ಮರುದಿನ ಮಧ್ಯಾಹ್ನ ಅತ್ತೆ ಮೊಮ್ಮಗಳ ಕೈ ಹಿಡಿದು ಎಲ್ಲಿಗೋ ಹೋಗಿಬಂದರು. ಆಮೇಲೆ ಮಗಳು ಅಡುಗೆಮನೆಗೆ ಬಂದು ಪಿಸುಗುಟ್ಟಿದಳು. "ಅಮ್ಮ, ಅಜ್ಜಿ ತಾರಸಿ ಹೋಟೆಲಿಗೆ ಹೋಗಿದ್ರು. ಮೂರು ಮಹಡಿ ಹತ್ತಿದ್ರು! ಎಲ್ಲಾ ಕುರ್ಚಿನೂ ತಲೆಕೆಳಗು ಮಾಡಿ ನೋಡಿದ್ರು. ಊಟ ಮಾಡ್ತಿದ್ದವರನ್ನೂ ಎಬ್ಬಿಸಿದ್ರು."

"ಏನಂದ್ರು?"

"ಏನೂ ಅನ್ನಲಿಲ್ಲ. ನಿಂಬೆ ಶರಬತ್ತಿಗೆ ಸಕ್ಕರೆ ಜಾಸ್ತಿ ಅಂದ್ರು."

ಸೊಸೆ ಮತ್ತೆ ಕೇಳಲಿಲ್ಲ. ಕೇಳಿ ಹೇಳಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಮುಂದಿನ ಗುರುವಾರ ತಾರಸಿಯವನೇ ಬಂದ. ಈ ಸಲ ಹೆಗಲ ಮೇಲೆ ಕುರ್ಚಿ ಇರಲಿಲ್ಲ, ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ಜೊತೆಗೆ ಪುರವಣಿಯಲ್ಲಿ ಬರೆದವಳೂ ಬಂದಿದ್ದಳು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು. ತಾರಸಿಯವನು ಕೆರೆಯ ದಂಡೆಯಲ್ಲಿ ಇನ್ನೊಂದು ಹೋಟೆಲು ತೆರೆಯುತ್ತಾನಂತೆ. ಅರವತ್ತು ಕುರ್ಚಿ ಬೇಕು. ಒಂದೊಂದು ಮೇಜಿನ ಮೇಲೂ ಒಂದು ಚೀಟಿ ಇಡಿಸುತ್ತಾನೆ, ಅದರಲ್ಲಿ ಅಮ್ಮನ ಫೋಟೊ, ತಪ್ಪು ಹೇಗಾಯಿತು ಅನ್ನುವ ಕಥೆ.

"ಜನಕ್ಕೆ ಕಥೆ ಬೇಕು ಅಮ್ಮ. ಕಥೆ ಕೇಳಿಯೇ ಬರ್ತಾರೆ."

ಮಗ ಆಗಲೇ ಪುಸ್ತಕ ಬಿಚ್ಚಿದ್ದ. ಪುರವಣಿಯವಳು ಅತ್ತೆಯನ್ನು ಹಲಗೆಯ ಮುಂದೆ ನಿಲ್ಲಿಸಿದಳು. ಅತ್ತೆಯ ಕಣ್ಣು ಅಷ್ಟು ಹೊತ್ತಿಗೆ ಪೂರ್ತಿ ಗುಣವಾಗಿ, ಸೂಜಿಗೆ ದಾರ ತಾವೇ ಪೋಣಿಸುವಷ್ಟಾಗಿತ್ತು.

"ಅಮ್ಮ, ಆ ಕಪ್ಪು ಕನ್ನಡಕ ಒಂದ್ಸಲ ಹಾಕ್ಕೋತೀರಾ? ಕತ್ತರಿ ಕೈಲಿ ಹಿಡ್ಕೊಂಡು, ಸ್ವಲ್ಪ ತಡವರಿಸಿದ ಹಾಗೆ..."

ಕೋಣೆಯಲ್ಲಿ ಎಲ್ಲರೂ ಅತ್ತೆಯನ್ನೇ ನೋಡಿದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈ ಹೊತ್ತು ಅತ್ತೆ ಕನ್ನಡಕ ಹಾಕಿಕೊಂಡರೆ ಅಷ್ಟೂ ಚೀಟಿಗಳಲ್ಲಿ ಅದು ಅಚ್ಚಾಗುತ್ತದೆ, ಆಮೇಲೆ ತಾನು ಏನು ಹೇಳಿದರೂ ಹೊಟ್ಟೆಕಿಚ್ಚು ಅಂತಲೇ ಜನ ಅನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

"ನಂಗೆ ತಡವರಿಸೋಕೆ ಬರಲ್ಲ," ಎಂದರು ಅತ್ತೆ. "ಓರೆ ಕತ್ತರಿಸೋಕೂ ಬರಲ್ಲ. ಪ್ರಾಣ ಹೋಗುತ್ತೆ ಅಂದ್ರೂ ಬರಲ್ಲ. ಕತ್ತರಿಸಿದ್ದು ನನ್ನ ಸೊಸೆ."

"ಅಮ್ಮ!" ಎಂದ ಮಗ.

"ಸುಮ್ನಿರೋ. ಅವತ್ತು ನಾನು ಹೇಳಿದ್ದು ಸುಳ್ಳು. ಅವಳು ಅಳೆದು, ಗೆರೆ ಹಾಕಿ, ಬೇಕು ಅಂತಲೇ ಮಾಡಿದ್ದು. ಇಪ್ಪತ್ತನಾಲ್ಕನ್ನೂ ತಿರುಗಿಸಿ ನೋಡಿ ಬಂದೆ. ಒಂದು ನೂಲೂ ಆಚೀಚೆ ಇಲ್ಲ. ನಂಗೆ ಆ ಪಟ್ಟೆ ಇಷ್ಟ ಇಲ್ಲ, ಮನೆ ವಾಲಿದ ಹಾಗೆ ಕಾಣುತ್ತೆ. ಆದ್ರೆ ಅದು ತಪ್ಪಲ್ಲ."

ಪುರವಣಿಯವಳು ಕ್ಯಾಮೆರಾ ಇಳಿಸಿದಳು. "ಹಾಗಾದ್ರೆ ನಾನು ಬರೆದದ್ದು..."

"ಅದು ನಿಮ್ಮ ಕಣ್ತಪ್ಪು," ಎಂದಳು ಸೊಸೆ.

ತಾರಸಿಯವನು ಸಿಹಿಯ ಡಬ್ಬಿಯನ್ನು ಹಲಗೆಯ ಮೇಲಿಂದ ಅರ್ಧ ಎತ್ತಿ, ಚೆನ್ನಾಗಿ ಕಾಣುವುದಿಲ್ಲವೆಂದು ಮತ್ತೆ ಇಟ್ಟ. "ನೋಡೀಮ್ಮ, ಬೇಕು ಅಂತ ಓರೆ ಕತ್ತರಿಸಿದ್ದು ಅಂದ್ರೆ ಅದು ಬರೀ ಡಿಸೈನು. ಡಿಸೈನು ಎಲ್ಲಾ ಕಡೆ ಸಿಗುತ್ತೆ. ನಂಗೆ ಬೇಕಾಗಿರೋದು ತಪ್ಪಿನ ಕಥೆ. ಅದಿಲ್ಲ ಅಂದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

"ನೋಡ್ಕೊಳ್ಳಿ," ಎಂದಳು ಸೊಸೆ. "ತಪ್ಪು ಮಾಡೋರಿಗೇನು ಬರವಾ? ಅಡಿಗೆ ಪದರ ಹಾಕೋಕೆ ಮಾತ್ರ ಹೇಳಿ ಅವರಿಗೆ. ಇಲ್ಲಾಂದ್ರೆ ನಿಮ್ಮ ಗಿರಾಕಿಗಳು ನೆಲದ ಮೇಲೆ ಕೂತು ಉಣ್ಣಬೇಕಾಗುತ್ತೆ. ನಮ್ಮ ಮನೆಯವರನ್ನ ಕೇಳಿ, ಅವರಿಗೆ ಅನುಭವ ಇದೆ."

ಹುಡುಗಿ ಪಕ್ಕೆಂದು ನಕ್ಕು, ಅಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಬಂದವರಿಬ್ಬರೂ ಮೆಟ್ಟಿಲಿಳಿದು ಹೋದರು.

ಊಟಕ್ಕೆ ಕೂತಾಗ ಮಗ ತಟ್ಟೆ ಮುಟ್ಟದೆ ತಲೆಯ ಮೇಲೆ ಕೈ ಹೊತ್ತುಕೊಂಡ. "ಅರವತ್ತು ಕುರ್ಚಿ. ಎದ್ದು ಹೋಯ್ತು. ಇಬ್ಬರೂ ಸೇರಿ ಓಡಿಸಿಬಿಟ್ರಿ. ಇಷ್ಟು ದಿನ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ, ಇದಕ್ಕೆ ಮಾತ್ರ ಒಂದಾದ್ರಿ."

"ನಾನೆಲ್ಲಿ ಒಂದಾದೆ?" ಎಂದರು ಅತ್ತೆ. "ನಂಗೆ ಈಗಲೂ ಇಷ್ಟ ಇಲ್ಲ ಅಂದೆನಲ್ಲ."

"ಉಣ್ಣು," ಎಂದರು ಮಾವ, ಮಗನಿಗೆ.

ಸೊಸೆ ಮೊಸರು ಬಡಿಸಿ ತಾನೂ ಕೂತಳು. ಹೆದರಿಕೆ ಇರಲಿಲ್ಲ ಅಂತಲ್ಲ. ಬೇಸಿಗೆ ಇನ್ನೂ ಅರ್ಧ ಉಳಿದಿತ್ತು, ದುಡಿಮೆ ಏನಾಗುತ್ತದೋ ಗೊತ್ತಿರಲಿಲ್ಲ. ಆದರೂ ಅನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಬಹಳ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

ಅತ್ತೆ ಸೌತೆಕಾಯಿಯ ಹೋಳೊಂದನ್ನು ಅಗಿದು ಮುಗಿಸಿ, ಸೊಸೆಯ ಕಡೆ ತಿರುಗಿದರು. ಹುಡುಗಿಯ ಮುಖಾಂತರ ಅಲ್ಲ, ನೇರವಾಗಿ ಕೇಳಿದರು.

"ಎಷ್ಟು ಓರೆ ಇಟ್ಟಿದ್ದೆ?"

ಹದಿನಾರು ವರ್ಷದಲ್ಲಿ ಕತ್ತರಿಯ ವಿಷಯವಾಗಿ ಅತ್ತೆ ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಒಂದು ಅಡಿ ಉದ್ದಕ್ಕೆ ನಾಲ್ಕು ಬೆರಳು."

ಅತ್ತೆ ಎಡಗೈ ಬೆರಳುಗಳನ್ನು ನೆಲದ ಮೇಲೆ ಊರಿ, ಕಣ್ಣು ಕಿರಿದು ಮಾಡಿ, ಇಲ್ಲದ ಬಟ್ಟೆಯ ಮೇಲೆ ಗೆರೆಯೊಂದನ್ನು ಎಳೆದು ನೋಡಿದರು.

"ಐದು ಇಡಬೇಕಿತ್ತು," ಎಂದರು. "ನಾಲ್ಕು ಇಟ್ರೆ ದೂರದಿಂದ ನೋಡಿದವರಿಗೆ ಕಣ್ತಪ್ಪು ಅನ್ಸುತ್ತೆ. ಐದು ಇಟ್ಟಿದ್ರೆ ಯಾರೂ ಹಾಗನ್ನೋ ಹಾಗಿರಲಿಲ್ಲ."

ಸೊಸೆ ಆ ತಾರಸಿ, ಆ ಕಂಬಿ, ಆ ಹೆಂಚು ಎಲ್ಲವನ್ನೂ ಇನ್ನೊಮ್ಮೆ ಮನಸ್ಸಿಗೆ ತಂದುಕೊಂಡು, ಐದು ಬೆರಳಿಟ್ಟು ನೋಡಿದಳು.

"ಇಲ್ಲ ಅತ್ತೆ," ಎಂದ‌ಳು. "ನಾಲ್ಕೇ ಸರಿ. ಅನ್ನೋರು ಅಂದ್ಕೊಳ್ಳಲಿ."